ಹರಿಹರದ ಹುಗ್ಗಿ

ಚೌಕಿಪೇಟೆ, ದಾವಣಗೆರೆ
೧೮-೮-೧೯೫೭, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ಕಸ್ತೂರಿಯ ಶರಣು. ಮೊಣಕಾಲು ನೋವು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಅಪ್ಪ ಹೋದ ಮೇಲೆ ಹೇಳುವವರು ಯಾರಿದ್ದಾರೆ ಅಂತ ಹೊಲದ ಬದುವಿನ ಮೇಲೆಲ್ಲ ಓಡಾಡುತ್ತೀಯೋ? ಆನಗೋಡಿನ ಕಡೆ ಮಳೆ ಚೆನ್ನಾಗಿ ಹಿಡಿದಿದೆ, ಶೇಂಗಾ ಹೂ ಬಿಟ್ಟಿದೆ ಅಂತ ಸಂತೆಗೆ ಬಂದವರು ಹೇಳಿದರು. ಕೆಂದಾಕಳು ಈಯಿತೇ? ಇತ್ತ ನಾವೆಲ್ಲ ಸೌಖ್ಯ ಅಂತ ಬರೆಯುವುದು ಪದ್ಧತಿ, ಬರೆದಿದ್ದೇನೆ. ನಾಳೆ ಶ್ರಾವಣದ ಕಡೆಯ ಸೋಮವಾರ. ಮದುವೆಯಾದ ಮೇಲೂ ಆ ದಿನ ನಿನ್ನ ಮನೆಯಲ್ಲೇ ಕಡುಬು ತಿಂದವಳು ನಾನು. ಈ ವರ್ಷ ನನ್ನ ಕಡುಬನ್ನು ನಾನೇ ಮಾಡಿಕೊಂಡು ನಾನೇ ತಿನ್ನಬೇಕು.

ಒಂದು ಬಸ್ಸು ಹತ್ತಿದರೆ ಮುಟ್ಟುವ ಊರಿಗೆ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ವಕೀಲರ ಅಪ್ಪಣೆ. ದೊಡ್ಡ ಅಳಿಯ ಓಟಿನ ಕೇಸು ಹಾಕಿದವನು, ಅತ್ತೆ ಸಾಕ್ಷಿ. ಕೇಸು ಹಾಕಿದವರ ಮನೆಯವರು ಸಾಕ್ಷಿಯ ಮನೆಯ ಹೊಸ್ತಿಲು ತುಳಿಯಬಾರದಂತೆ. ಕಾಗದ ಬರೆಯಬಹುದೇ ಅಂತ ನಾನು ಕೇಳಲಿಲ್ಲ. ಕೇಳಿದರೆ ತಾನೇ ಬೇಡ ಅನ್ನುವುದು? ನಿನ್ನ ಗಾಡಿ ಹೊಡೆಯುವ ಸಣ್ಣಬೀರಪ್ಪ ದನಗಳಿಗೆ ಹಿಂಡಿ ಒಯ್ಯಲು ಪೇಟೆಗೆ ಬಂದಿದ್ದಾನೆ. ಹೋಗುವಾಗ ಇತ್ತ ಬಾ ಅಂತ ಹೇಳಿ ಕಳಿಸಿದ್ದೇನೆ, ಅವನ ಕೈಯಲ್ಲೇ ಕೊಡುತ್ತೇನೆ. ಕನ್ನಡಕ ಹಾಕಿಕೊಂಡು ನೀನೇ ನಿಧಾನವಾಗಿ ಓದು. ಸಾಲೆ ಮೇಷ್ಟ್ರ ಕೈಯಲ್ಲಿ ಓದಿಸಿದರೆ ಅವರ ಹೆಂಡತಿಯ ಮೂಲಕ ಊರಿಗೆಲ್ಲ ಡಂಗುರ ಸಾರಿದಂತೆಯೇ.

ಅವ್ವಾ, ನನಗೆ ಹೊಟ್ಟೆಕಿಚ್ಚಾಗಿದೆ. ಹೆತ್ತವಳ ಹತ್ತಿರ ಏನು ಮುಚ್ಚುಮರೆ? ಮೊನ್ನೆ ಮಂಡಿಪೇಟೆಯಲ್ಲಿ ನಿನ್ನ ಕಿರಿಯ ಮಗಳು ನಿರ್ಮಲಾ, ನಿನ್ನ ಮುದ್ದಿನ ನಿಮ್ಮಿ, ಜೀಪಿನಿಂದ ಇಳಿದಳು. ಹೊಸ ಇಳಕಲ್ ಸೀರೆ, ಕೈತುಂಬ ಬಳೆ, ಹಿಂದೆ ಚೀಲ ಹಿಡಿಯಲು ಒಬ್ಬ ಆಳು. ನಾನು ಮಂಡಕ್ಕಿ ಗಂಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ‘ಯಾಕ ಅಕ್ಕಾ, ಇಷ್ಟು ಸೊರಗೀಯ? ಹರಿಹರಕ್ಕೆ ಬಂದು ನಾಕು ದಿನ ಇದ್ದು ಹೋಗು’ ಅಂದಳು. ಪ್ರೀತಿಯಿಂದಲೇ ಅಂದಳು, ಅದಕ್ಕೇ ಇನ್ನೂ ಉರಿಯಿತು. ಅಷ್ಟಕ್ಕೇ ಬಿಡಲಿಲ್ಲ. ‘ಓಟಿನ ಹೊತ್ತಿಗೆ ಅವ್ವನ್ನ ನಾವು ಕರೆದೇ ಇರಲಿಲ್ಲ ಅಕ್ಕಾ, ತಾನಾಗೇ ಬಂದ್ಲು. ನನ್ನ ಮ್ಯಾಲೆ ಎಷ್ಟು ಜೀವ ಐತೆ ನೋಡು’ ಅಂತ ಬೇರೆ ಹೇಳಿದಳು. ಬಜಾರಿನ ನಡುವೆ ನಿಂತು ನಾನು ಅದನ್ನು ಕೇಳಬೇಕಾಯಿತು. ಸಣ್ಣವರಿದ್ದಾಗ ಹಾಲಿನ ಕೆನೆ ಯಾವಾಗಲೂ ಅವಳ ಬಟ್ಟಲಿಗೇ ಬೀಳುತ್ತಿತ್ತು. ನಾನು ಮುಖ ಊದಿಸಿದರೆ ನೀನು ‘ಅವಳು ಸಣ್ಣಾಕಿ, ನೀನು ತಿಳಿದಾಕಿ’ ಅನ್ನುತ್ತಿದ್ದೆ. ತಿಳಿದವಳಾಗಿ ಆಗಿ ನನಗೆ ಸಾಕಾಗಿದೆ.

ನಿನ್ನ ದೊಡ್ಡ ಅಳಿಯಂದಿರ ವಿಷಯ ನಿನಗೆ ಗೊತ್ತೇ ಇದೆ. ರೈತ ಸಮತಾ ಪಕ್ಷ ಅಂದರೆ ಅವರಿಗೆ ಊಟ ನಿದ್ದೆ ಎಲ್ಲವೂ. ಅರಿವೆ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತರೂ ಸರಿ, ಪಕ್ಷದ ಕಚೇರಿಗೆ ಬೀಗ ಬೀಳಬಾರದು. ನಿಮ್ಮಿಯ ಗಂಡ ವಾಮದೇವಪ್ಪನೂ ಅದೇ ಪಕ್ಷದಲ್ಲಿ ಬೆಳೆದವನು. ಇಬ್ಬರು ಅಳಿಯಂದಿರೂ ಒಂದೇ ಬಾವುಟ ಹಿಡಿದಿದ್ದಾರೆ ಅಂತ ನೀನೆಷ್ಟು ಹಿಗ್ಗುತ್ತಿದ್ದೆ! ಹರಿಹರದ ಟಿಕೆಟ್ಟು ಇವರಿಗೆ ಸಿಕ್ಕಿದ್ದೇ ತಡ, ಅವನು ಪಕ್ಷ ಬಿಟ್ಟು, ಸಾಹುಕಾರರ ಜೀಪು ಹತ್ತಿ, ಪಕ್ಷೇತರನಾಗಿ ನಿಂತ. ಗೆದ್ದೂ ಬಿಟ್ಟ. ನಮ್ಮ ಏಣಿ ಗುರುತಿನ ಓಟಿನ ಪೆಟ್ಟಿಗೆ ಸ್ವಲ್ಪದರಲ್ಲಿ ಸೋತಿತು. ಈಗ ಪೇಟೆಯ ಪಡ್ಡೆ ಹುಡುಗರು ಇವರನ್ನು ಕಂಡರೆ ‘ಏಣಿ ಯಾವಾಗ ಅಟ್ಟಕ್ಕೆ ಹಾಕ್ತೀರಿ?’ ಅನ್ನುತ್ತಾರೆ. ಬೆಂಗಳೂರಿನ ಮುಖಂಡರೂ ಹಾಗೇ. ವಾಮದೇವಪ್ಪನ ಮೇಲಿನ ಕೇಸು ಗೆದ್ದು ಮರುಚುನಾವಣೆ ಆದರೆ ಪಕ್ಷ ಉಳಿಸೋಣ, ಇಲ್ಲದಿದ್ದರೆ ದೀಪಾವಳಿಯೊಳಗೆ ಬೇರೆ ಪಕ್ಷದ ಜೊತೆ ಸೇರಿಸಿ ಕೈತೊಳೆದುಕೊಳ್ಳೋಣ ಅಂತ ಹೇಳಿಬಿಟ್ಟಿದ್ದಾರೆ. ನಮ್ಮ ಮನೆಯವರು ಮಾತ್ರ ದಿನಾ ಬೆಳಿಗ್ಗೆ ಹೋಗಿ ಕಚೇರಿಯ ಬೋರ್ಡನ್ನು ತಮ್ಮ ಧೋತರದ ಚುಂಗಿನಿಂದಲೇ ಒರೆಸಿ ಬರುತ್ತಾರೆ.

ಅವರ ಕಟ್ಟುನಿಟ್ಟೇ ಅವರಿಗೆ ಮುಳುವಾಯಿತು. ಓಟಿಗೆ ನಿಂತವರು ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡಬಾರದು, ಮಾಡಿದ್ದರ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು ಅಂತ ಕಾನೂನಿದೆಯಲ್ಲ, ಅದನ್ನು ಇವರು ಗುರುಗಳ ಮಾತಿನಂತೆ ಪಾಲಿಸಿದರು. ಗೋಡೆ ಚೀಟಿ ಹಚ್ಚಲು ನಾನು ಕುದಿಸಿಕೊಟ್ಟ ಮೈದಾ ಅಂಟೂ ಲೆಕ್ಕಕ್ಕೆ ಸೇರಿತು. ಕಾರ್ಯಕರ್ತರಿಗೆ ಮಂಡಕ್ಕಿ ಒಗ್ಗರಣೆ ಹಾಕಿದರೆ, ಮೆಣಸಿನಕಾಯಿ ಎಷ್ಟು ಹಾಕಿದೆ ಅಂತ ಅಡುಗೆಮನೆಗೇ ಬಂದು ಕೇಳುತ್ತಿದ್ದರು. ಸಾರಥಿ ಊರಿನ ರೈತರು ಅಭಿಮಾನದಿಂದ ಒಂದು ಗಾಡಿ ಕುಂಬಳಕಾಯಿ ಕಳಿಸಿದರೆ, ಜಗಲಿಯ ಮೇಲೆ ನಿಂತೇ ಹಿಂದಕ್ಕೆ ಕಳಿಸಿದರು. ‘ಇಳಿಸಿಕೊಂಡ್ರೆ ನಾನೇ ತರಿಸಿದಂಗೆ. ಯಾರ ಮನೇದೂ ಬ್ಯಾಡ’ ಅಂದರು. ಅಷ್ಟೆಲ್ಲ ಬೇಕಾಗಿಲ್ಲ ಅಂತ ವಕೀಲರೇ ನಕ್ಕರು. ಆ ತಿಂಗಳು ನಮ್ಮ ಬಾಗಿಲಿಗೆ ಎಷ್ಟು ಗಾಡಿ ಬಂದವೋ, ಎಷ್ಟು ತಿರುಗಿ ಹೋದವೋ! ನಾನು ಒಲೆಯ ಮುಂದೆ ಇದ್ದವಳು. ಎತ್ತಿನ ಕೊರಳ ಗಂಟೆ ಕೇಳಿಸುತ್ತಿತ್ತು, ಅಷ್ಟೆ.

ನಾವು ಹೀಗೆ ಒಣ ಮಂಡಕ್ಕಿ ಮುಕ್ಕುತ್ತಿದ್ದಾಗ ನೀನು ಹರಿಹರದಲ್ಲಿ ಏನು ಮಾಡಿದೆ? ಓಟಿನ ಹಿಂದಿನ ದಿನ ಹೊಳೆದಂಡೆಯ ಛತ್ರದಲ್ಲಿ ಕೊಪ್ಪರಿಗೆ ಏರಿಸಿ, ಬಂದವರಿಗೆಲ್ಲ ಗೋಧಿ ಹುಗ್ಗಿ ಬಡಿಸಿದೆ. ನಿನ್ನ ಕೈಯಾರೆ, ತುಪ್ಪ ಹಾಕಿ! ಸುದ್ದಿ ದಾರಿಯ ಬಾತಿ ಊರನ್ನು ದಾಟಿಕೊಂಡು ಸಂಜೆಯೊಳಗೆ ನಮ್ಮ ಮನೆಗೆ ಬಂತು. ತಂದವನು ಬೇರೆ ಯಾರೂ ಅಲ್ಲ, ನಮ್ಮ ಪಕ್ಷದ ಕಾರ್ಯಕರ್ತನೇ. ‘ನಿಮ್ಮ ತಾಯೇರ ಕೈ ಹುಗ್ಗಿ ಏನ್ ರುಚಿ ಅಂತೀರಿ!’ ಅಂತ ಮೀಸೆ ಸವರಿಕೊಂಡ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದು ಇದಕ್ಕೇ ಅಲ್ಲವೇ ಅವ್ವಾ? ನನ್ನ ಬಾಣಂತನದಲ್ಲಿ ಬಿಟ್ಟರೆ ನನ್ನ ಮನೆಯಲ್ಲಿ ನೀನು ಸೌಟು ಹಿಡಿದಿಲ್ಲ. ಅವಳ ಗಂಡನ ಓಟಿಗೆ ಕೊಪ್ಪರಿಗೆ ಸಮೇತ ಹೋದೆ. ಸೋತದ್ದಕ್ಕಿಂತ ನನಗೆ ಅದೇ ಹೆಚ್ಚು ಚುಚ್ಚುತ್ತಿದೆ. ನಡುಮನೆ ಗುಡಿಸುವಾಗಲೂ ಹುಗ್ಗಿಯ ವಾಸನೆ ಬಂದ ಹಾಗಾಗುತ್ತದೆ, ನೋಡು ನನ್ನ ಹುಚ್ಚು.

ಈಗ ಎಲ್ಲವೂ ಆ ಹುಗ್ಗಿಯ ಮೇಲೆ ನಿಂತಿದೆ. ವಾಮದೇವಪ್ಪ ಒಪ್ಪಿಸಿದ ಖರ್ಚಿನ ಲೆಕ್ಕದಲ್ಲಿ ಅದರ ಒಂದು ಕಾಳೂ ಇಲ್ಲವಂತೆ. ಓಟಿನ ಮುಂಚೆ ಜನಕ್ಕೆ ಊಟ ಹಾಕಿಸುವುದೇ ತಪ್ಪು, ಹಾಕಿಸಿ ಮುಚ್ಚಿಡುವುದು ಇನ್ನೂ ದೊಡ್ಡ ತಪ್ಪು. ಅವನೇ ನಿನ್ನನ್ನು ಕರೆಸಿದ್ದು ಅಂತ ಸಾಬೀತಾದರೆ ಅವನ ಸೀಟು ಹೋಯಿತು, ನಮ್ಮ ಪಕ್ಷ ಬದುಕಿತು. ನೀನೇ ನಿನ್ನ ಮನಸ್ಸಿನಿಂದ ಹೋಗಿ ಹಾಕಿದ್ದು ಅಂತಾದರೆ ಕೇಸು ಬಿತ್ತು. ವಕೀಲರು ಇಷ್ಟನ್ನು ನನಗೆ ತಿಳಿಯುವ ಹಾಗೆ ಹೇಳಿದ್ದಾರೆ. ಅವರು ನಿನ್ನ ಹತ್ತಿರ ಬಂದಾಗ ‘ನನ್ನ ಬಾಯಿಂದ ಒಂದು ಮಾತೂ ಬರಲ್ಲ, ಎರಡೂ ನನ್ನ ಮಕ್ಕಳೇ’ ಅಂದೆಯಂತೆ. ಅದು ಹೇಗಾಗುತ್ತದೆ ಅವ್ವಾ? ಅಳಿಯನ ಮನೆಗೆ ಕರೆಯದೆ ಕಾಲಿಡುವವಳಲ್ಲ ನೀನು. ಅಪ್ಪ ಇದ್ದಾಗಲೇ ಹಾಗೆ ಕಾಲಿಡಲಿಲ್ಲ. ಬರುವ ತಿಂಗಳು ನ್ಯಾಯಾಧೀಶರ ಮುಂದೆ ನಿಂತಾಗ, ವಾಮದೇವಪ್ಪ ಕರೆದ, ಹೋದೆ ಅಂತ ಹೇಳಿಬಿಡು. ಒಂದು ಸಲವಾದರೂ ಕೆನೆ ನನ್ನ ಬಟ್ಟಲಿಗೆ ಬೀಳಲಿ.

ಇಷ್ಟು ಬರೆದ ಮೇಲೆ ಸಿಟ್ಟು ಸ್ವಲ್ಪ ಇಳಿದಿದೆ. ಮಳೆಯಲ್ಲಿ ನೆನೆಯಬೇಡ. ಕಾಳು ಆರಿಸುತ್ತ ತಂಪು ನೆಲದ ಮೇಲೆ ಕೂರಬೇಡ. ಮೊಮ್ಮಕ್ಕಳು ಅಜ್ಜಿ ಯಾವಾಗ ಬರುತ್ತಾಳೆ ಅಂತ ಕೇಳುತ್ತಿರುತ್ತವೆ. ಕೋರ್ಟು ಬಿಟ್ಟಾಗ ಅಂತ ಹೇಳಿದ್ದೇನೆ. ಜಗಳಗಂಟಿಯಾದರೂ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ತಿಳಿದು ನನಗೂ ಇವರಿಗೂ ಆಶೀರ್ವಾದ ಮಾಡು.

ನಿನ್ನ ದೊಡ್ಡ ಮಗಳು,
ಕಸ್ತೂರಿ

ವಿ. ಸೂ.: ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಸಣ್ಣಬೀರಪ್ಪ ಆಗಲೇ ಎತ್ತು ಹೂಡುತ್ತಿದ್ದಾನೆ. ಅವನಿಗೆ ನೀರು ಕೊಡುವಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ನಿಮ್ಮ ಗಾಡಿಗೆ ಹರಿಹರದ ದಾರಿ ಮಾತ್ರ ಗೊತ್ತೇನು ಅಂದೆ. ಅವನು ಚೊಂಬು ಕೆಳಗಿಟ್ಟ. ‘ಹಂಗ್ಯಾಕಂತೀರಿ ಅಮ್ಮಾರೆ? ಅವತ್ತು ಗಾಡಿ ಮೊದ್ಲು ನಿಂತಿದ್ದು ಈ ಬಾಗ್ಲಾಗೆ. ಕಸ್ತೂರಿ ಒಬ್ಳೇ ಒಲೆ ಮುಂದೆ ಸಾಯ್ತಾಳೆ, ಅವರ ಮಂದಿಗೆ ಹುಗ್ಗಿ ಮಾಡಿ ಹಾಕ್ತೀನಿ ಅಂತ ದೊಡ್ಡಮ್ಮಾರೇ ಹೊಂಟಿದ್ರು. ಧಣೇರು ಜಗಲಿ ಮ್ಯಾಲಿಂದ, ಅತ್ತೆ ಮನೆ ಗೋಧಿ ಆದ್ರೂ ಬ್ಯಾಡ, ತಿರುಗಿಸ್ಕಂಡು ಹೋಗು ಅಂದ್ರು. ದೊಡ್ಡಮ್ಮಾರು ಗಾಡಿ ಕಮಾನಿನೊಳಗೆ ಕೊಪ್ಪರಿಗೆ ಪಕ್ಕ ಕುಂತಿದ್ರು. ಇಳಿಯಾಕೆ ಚಾಚಿದ ಕಾಲು ಹಿಂದಕ್ಕೆ ತಗಂಡ್ರು. ಕಸ್ತೂರಿಗೆ ಹೇಳಬ್ಯಾಡ, ನೊಂದ್ಕಂತಾಳೆ, ಹರಿಹರಕ್ಕೆ ಹೊಡಿ ಅಂದ್ರು’ ಅಂದ.

ನೀನು ಒಳಗಿದ್ದದ್ದು ಇವರಿಗೆ ಗೊತ್ತಿಲ್ಲ ಅವ್ವಾ. ಗಾಡಿ ಆನಗೋಡಿಗೇ ತಿರುಗಿ ಹೋಯಿತು ಅಂತ ತಿಳಿದಿರಬೇಕು. ನಾನೇ ಹೇಳುತ್ತೇನೆ, ಆದರೆ ಇವತ್ತಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ, ನೀನೇ ಮರೆತುಬಿಡು. ಆದರೆ ಕೋರ್ಟಿನಲ್ಲಿ ಸುಮ್ಮನಿರಬೇಡ. ನಡೆದದ್ದನ್ನು ಹೇಳಿದರೆ ಕೇಸು ಬೀಳುತ್ತದೆ, ಏಣಿಯೂ ಬೀಳುತ್ತದೆ, ಗೊತ್ತು. ಹೇಳು. ನಿಮ್ಮಿ ಗಂಡನ ಪಕ್ಕದಲ್ಲೇ ಕೂತಿರುತ್ತಾಳೆ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳು: ಗಾಡಿ ಮೊದಲು ಹೋದದ್ದು ಕಸ್ತೂರಿಯ ಮನೆಗೆ ಅಂತ. ಸೀಟು ಬೇಕಾದರೆ ಅವಳೇ ಇಟ್ಟುಕೊಳ್ಳಲಿ.