ಕೆಮ್ಮಿಗೆ ಹೆದರಿ ಬಿಟ್ಟ ಮಾತ್ರೆ

ಬುಧವಾರ, ಮಧ್ಯಾಹ್ನ

ಹೇಳಿದ ಮಾತು ಕೇಳದ ನನ್ನ ಯಜಮಾನರಿಗೆ,

ಬೇರೆ ಮನೆ ಮಾಡಿದ ಮೇಲೆ ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಮಗಳು ಫೋನಿನಲ್ಲಿ ಅತ್ತ ಮೇಲೆ ಕೈ ಸುಮ್ಮನಿರಲಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಬಂದರೆ ನೀವು ಒಡೆದು ನೋಡುವ ಪೈಕಿ ಅಲ್ಲ.

ಬಂದರಿನಲ್ಲಿ ಕ್ರೇನಿನಿಂದ ಇಳಿಯುವಾಗ ಕಣ್ಣು ಕತ್ತಲಿಟ್ಟು, ಏಣಿಯ ಮಧ್ಯದಲ್ಲೇ ಕಂಬಿ ತಬ್ಬಿಕೊಂಡು ನಿಂತಿರಂತೆ. ಮನೆಗೆ ಬಂದವರು, "ಏನೂ ಇಲ್ಲ ಕಣೇ, ಬಿಸಿಲು" ಅಂದಿರಂತೆ. ಮಗಳು ಬಿ.ಪಿ. ನೋಡಿ ಹೌಹಾರಿದಳಂತೆ. ಹುಡುಕಿದರೆ, ಒಡೆಯದೆ ಉಳಿದ ಬಿ.ಪಿ. ಮಾತ್ರೆಯ ಪಟ್ಟಿಗಳು. ಕೇಳಿದ್ದಕ್ಕೆ ನಿಮ್ಮ ಉತ್ತರ: "ಕೆಮ್ಮು ಬರ್ತಿತ್ತು, ಬಿಟ್ಟೆ. ಕೆಮ್ಮಿಗೆಲ್ಲಾ ಡಾಕ್ಟರ ಹತ್ರ ಯಾರು ಹೋಗ್ತಾರೆ?" ನಿಮ್ಮ ಈ ಬುದ್ಧಿಗೆ ಏನೆನ್ನಲಿ?

ಇವತ್ತು ನಾನೇ ಹೋಗಿ, ನಿಮಗೆ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮನನ್ನು ಕೇಳಿದೆ. ರಕ್ತನಾಳಗಳನ್ನು ಬಿಗಿಯುವ, ಉಪ್ಪನ್ನೂ ನೀರನ್ನೂ ಮೈಯಲ್ಲೇ ಹಿಡಿದಿಡುವ ಒಂದು ರಸವನ್ನು ನಮ್ಮ ಮೈಯೇ ತಯಾರಿಸುತ್ತದಂತೆ. ನಿಮ್ಮ ಮಾತ್ರೆ ಆ ತಯಾರಿಯನ್ನೇ ತಡೆಯುತ್ತದೆ. ನಾಳಗಳು ಸಡಿಲವಾಗುತ್ತವೆ, ಹೃದಯ ಅಷ್ಟು ಜೋರಾಗಿ ತಳ್ಳಬೇಕಾಗಿಲ್ಲ. ಆದರೆ ಅದೇ ತಡೆಯಿಂದ, ಕರಗಿಹೋಗಬೇಕಾದ ಇನ್ನೊಂದು ವಸ್ತು ಉಳಿದುಕೊಂಡು ಕೆಲವರಿಗೆ ಗಂಟಲು ಕೆರೆಯುತ್ತದೆ. ಒಣಕೆಮ್ಮು ಅದಕ್ಕೇ. "ಬಂದು ಒಂದು ಮಾತು ಹೇಳಿದ್ರೆ ಬೇರೆ ಮಾತ್ರೆ ಕೊಡ್ತಿದ್ದೆ," ಅಂದರು. ಅದು ರಸ ಹುಟ್ಟುವುದನ್ನು ತಡೆಯದೆ, ನಾಳದ ಮೇಲೆ ಅದರ ಆಟ ನಡೆಯದ ಹಾಗೆ ನೋಡಿಕೊಳ್ಳುತ್ತದಂತೆ. ಅದಕ್ಕೆ ಸಾಮಾನ್ಯವಾಗಿ ಕೆಮ್ಮು ಬರುವುದಿಲ್ಲ.

ಒಂದು ಮಾತು! ಅದೇ ತಾನೇ ನಿಮ್ಮ ಬಾಯಲ್ಲಿ ಹೊರಡದ್ದು? ನಾನು ಮನೆ ಬಿಟ್ಟಿದ್ದು ನಿಮ್ಮ ಕೋಪಕ್ಕಲ್ಲ, ನಿಮಗೆ ಕೋಪವೇ ಬರಲಿಲ್ಲ. ಮೈ ಕಾದಾಗಲೂ ಹೇಳಲಿಲ್ಲ, ನಿಮ್ಮಮ್ಮ ತೀರಿಹೋದಾಗ ಅಳಲೂ ಇಲ್ಲ. ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಗಿತ್ತು ನನಗೆ.

ನಾಳೆ ಬೆಳಗ್ಗೆಯೇ ನೀವು ಬರಲೇಬೇಕು ಅಂದಿದ್ದಾರೆ ಡಾಕ್ಟರಮ್ಮ. ಗೊಣಗಿಕೊಂಡಾದರೂ ಹೋಗಿ. ನಡುವೆ ಎದೆ ಹಿಡಿದರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯಬೇಡಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವವಳು

ತಾ.ಕ.: ನಿಮ್ಮ ಮೇಲಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಡಾಕ್ಟರಮ್ಮ ಸರಿ ಎನ್ನುವವರೆಗೆ ನಿಮ್ಮನ್ನು ಕ್ರೇನ್ ಹತ್ತಿಸುವುದಿಲ್ಲ. ನಾಳೆ ಆಸ್ಪತ್ರೆಯ ಬಾಗಿಲಲ್ಲಿ ನಾನೂ ಇರುತ್ತೇನೆ; ಬೈಯುವುದಿದ್ದರೆ ಅಲ್ಲೇ, ಎಲ್ಲರೆದುರೇ ಬೈಯಿರಿ.