ಗೆರೆಯಿಲ್ಲದ ಹೆಬ್ಬೆಟ್ಟಿನ ಸ್ವಇಚ್ಛೆ

ಚನ್ನಪಟ್ಟಣ ಸೀಮೆಯ ಸಮಸ್ತ ದುಡಿಯುವ ಕೈಗಳ ಪಾಲಕರೂ, ದುಂಡು ಮೊಹರಿನ ಏಕೈಕ ಒಡೆಯರೂ, ಹಸಿರು ಶಾಯಿಯ ಹೊರತು ಅನ್ಯ ಬಣ್ಣ ಮುಟ್ಟದ ವ್ರತಸ್ಥರೂ ಆದ ಕಾರ್ಮಿಕ ನಿರೀಕ್ಷಕ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ಸೋಮವಾರ ತಾವು ನಮ್ಮ ರಸ್ತೆಯ ರೇಷ್ಮೆ ಬಿಚ್ಚುವ ಕಾರ್ಖಾನೆಗೆ ದಯಮಾಡಿಸಿ, ಮಾರಕ್ಕ ಎಂಬಾಕೆ ದಿನಕ್ಕೆ ಹನ್ನೆರಡು ಗಂಟೆ ದುಡಿಯಲು 'ಸ್ವಇಚ್ಛೆಯಿಂದ' ಒಪ್ಪಿದ್ದಾಳೆಂದು ಮೊಹರು ಒತ್ತಿ ಹೋದಿರಿ. ಅದು ಸುಳ್ಳು. ತಮಗೂ ಗೊತ್ತು.

ಬೈರಾಪಟ್ಟಣದ ಮಾರಕ್ಕ ಹತ್ತೊಂಬತ್ತು ವರ್ಷದಿಂದ ತೊಟ್ಟಿಯ ಕುದಿನೀರಿಗೆ ಕೈಯದ್ದಿ ಗೂಡಿನ ಎಳೆ ಹುಡುಕುತ್ತಿದ್ದಾಳೆ. ಬೆರಳ ಸಂದಿಗಳು ಒಡೆದಿವೆ. ಎಂಟು ಗಂಟೆಯ ದುಡಿಮೆಯಾದರೆ ಸಂಜೆ ಎಣ್ಣೆ ಸವರಿಕೊಂಡು ಹೇಗೋ ಮರುದಿನಕ್ಕೆ ಕೈ ಸಿದ್ಧ. ಹನ್ನೆರಡಾದರೆ ಕೈಯೇ ಉಳಿಯುವುದಿಲ್ಲ. ಅಂದು ಆಕೆ 'ಒಲ್ಲೆ' ಎನ್ನಲೆಂದೇ ಬಂದಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ಏಕೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

"ಸ್ವಇಚ್ಛೆಯಿಂದ ತಾನೇನಮ್ಮ?" ಎಂದಿರಿ ತಾವು.

"ಅಂಗಂದ್ರೇನ್ ಸಾಮಿ?"

"ನಿನ್ನ ಇಷ್ಟದಿಂದ."

"ಒಲ್ಲೆ ಅಂದ್ರೆ ಏನಾಯ್ತದೆ?"

ಪಕ್ಕದಲ್ಲಿದ್ದ ಕಾರ್ಖಾನೆಯ ಮೇಸ್ತ್ರಿ ನಕ್ಕ. "ಏನೂ ಆಗಾಕಿಲ್ಲ ಕಣಕ್ಕ, ನಾಳಿಂದ ಬರೋದ್ ಬ್ಯಾಡ ಅಷ್ಟೇಯ."

ಮಾರಕ್ಕ ತನ್ನ ಕೈ ನೋಡಿಕೊಂಡಳು. "ಅಂಗಾರೆ ನನ್ನಿಷ್ಟವೇ ಬುಡಿ. ಬರ್ಕೊಳಿ."

ಆಮೇಲೆ ನಡೆದದ್ದನ್ನು ತಾವು ಕಡತದಲ್ಲಿ ಬರೆದಿರಲಾರಿರಿ. ಆಕೆ ಒಪ್ಪಿಗೆಯ ನಮೂನೆಗೆ ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ನೀಲಿ ಮಚ್ಚೆ ಮಾತ್ರ ಮೂಡಿತು. "ಗೆರೆಯೇ ಇಲ್ಲವಲ್ಲ, ಸರಿಯಾಗಿ ಒತ್ತು" ಎಂದಿರಿ. ಮೂರು ಸಲ ಒತ್ತಿದಳು. ಎಡಗೈ ಕೊಟ್ಟಳು. ಅಲ್ಲೂ ಮಚ್ಚೆ. "ಗೆರೆನೆಲ್ಲಾ ತೊಟ್ಟಿ ತಿಂದೈತೆ ಸಾಮಿ," ಎಂದಳು. ಆ ಮಚ್ಚೆಯ ಪಕ್ಕದಲ್ಲೇ ತಮ್ಮ ಹಸಿರು ಸಹಿ ಬಿತ್ತು!

ಮಾನ್ಯರೇ, ಬೆಳಗಿನ ಬೆಂಗಳೂರು ರೈಲಿನ ಬಾಗಿಲಲ್ಲಿ ನೇತಾಡುವವನನ್ನು "ವಾಯುಸೇವನೆಯೋ?" ಎಂದು ತಾವು ವಿಚಾರಿಸುವಿರಾ? ರೇಷ್ಮೆ ಹುಳುವೂ ಗೂಡನ್ನು ಸ್ವಇಚ್ಛೆಯಿಂದಲೇ ಕಟ್ಟುತ್ತದೆ; ಹಾಗೆಂದು ಕುದಿನೀರಿಗೂ ಅದರ ಒಪ್ಪಿಗೆ ಪಡೆದಂತಾಯಿತೇ? ಒಲೆ ಹೊತ್ತಬೇಕಾದರೆ ಹೂಂ ಎನ್ನಲೇಬೇಕು ಎಂದಿರುವಾಗ ಹೂಂ ಎಂದದ್ದು ಯಾರು? ಮಾರಕ್ಕನೋ, ಆಕೆಯ ಒಲೆಯೋ?

ನನ್ನ ಬೇಡಿಕೆ ಒಂದೇ. ಆ ನಮೂನೆಯಲ್ಲಿ 'ಒಪ್ಪಿದ್ದೇನೆ' ಎಂಬ ಒಂದೇ ಮನೆ ಇದೆ. ಪಕ್ಕದಲ್ಲಿ 'ಒಲ್ಲೆ' ಎಂಬ ಇನ್ನೊಂದು ಮನೆ ಹಾಕಿಸಿ. ಅದನ್ನು ಒತ್ತಿದವಳಿಗೂ ತೊಟ್ಟಿಯ ಮುಂದಿನ ಜಾಗ ಎಂಟು ಗಂಟೆಯ ಮಟ್ಟಿಗೆ ಉಳಿಯುವಂತೆ ನೋಡಿಕೊಳ್ಳಿ. ಆಗದಿದ್ದರೆ 'ಸ್ವಇಚ್ಛೆಯಿಂದ' ಎಂಬುದನ್ನು ಹೊಡೆದುಹಾಕಿ 'ಬೇರೆ ದಾರಿಯಿಲ್ಲದೆ' ಎಂದಾದರೂ ಬರೆಯಿರಿ. ಎರಡೂ ಆಗದೆಂದು ಬಲ್ಲೆ. ಈ ಪತ್ರ ತಮ್ಮ ಟೀ ಲೋಟದ ಅಡಿ ಸೇರುವ ಹೊತ್ತಿಗೆ ಮಾರಕ್ಕ ದುಡಿಮೆಯ ಹತ್ತನೆಯ ಗಂಟೆಯಲ್ಲಿರುತ್ತಾಳೆ.

ಇನ್ನು ಆ ಅರಿಕೆ. ನಮೂನೆಯನ್ನು ಟೈಪು ಮಾಡಿ ತಂದುಕೊಟ್ಟವನು ನಾನೇ. ಜೆರಾಕ್ಸ್ ಅಂಗಡಿ ನಮ್ಮಪ್ಪನದು. 'ಯಾರ ಒತ್ತಾಯ, ಆಮಿಷ, ಬೆದರಿಕೆಗಳಿಗೂ ಒಳಗಾಗದೆ ಸ್ವಇಚ್ಛೆಯಿಂದ' ಎಂಬ ಸಾಲನ್ನು ಕಾರ್ಖಾನೆಯವರು ಕೇಳಿರಲಿಲ್ಲ. ಒಕ್ಕಣೆ ಗಂಭೀರವಾಗಿರಲಿ ಎಂದು ತಮಾಷೆಗೆ ಸೇರಿಸಿದೆ. ಅವತ್ತು ಹೊಟ್ಟೆ ತುಂಬಾ ಮುದ್ದೆ ಉಂಡು ಬಂದಿದ್ದೆ.

ಇಂತಿ,
ಈ ಇಡೀ ವ್ಯವಹಾರದಲ್ಲಿ ನಿಜಕ್ಕೂ ಸ್ವಇಚ್ಛೆಯಿಂದ ಕೆಲಸ ಮಾಡಿದ ಒಬ್ಬನೇ ಒಬ್ಬ,
ಲೋಕೇಶ