ಬೆಲ್ಟಿಗೆ ಬಿಟ್ಟ ಒಂದು ಹನಿ ಎಣ್ಣೆ

ಗ್ಯಾರೇಜಿನ ಮೇಲಿನ ಮನೆ,
ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ನಟ್ಟೂ,

ನಿನಗೆ ಮೂವತ್ತೈದು ತುಂಬಿರಬಹುದು, ಆದರೆ ಫ್ರಾಕಿನ ಜೇಬಿನ ತುಂಬ ನಟ್ಟು ತುರುಕಿಕೊಂಡು ಓಡಾಡುತ್ತಿದ್ದವಳಿಗೆ ನಾನಿಟ್ಟ ಹೆಸರು ಬದಲಾಗುವುದಿಲ್ಲ. ಹೇಗಿದ್ದೀಯ? ಕೆಮ್ಮು ಹೋಯಿತೇ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆಯೇ? ಬೀಗರ ಆರೋಗ್ಯ ಕೇಳುವ ಅಗತ್ಯವಿಲ್ಲ. ನೀನು ಕಳಿಸಿದ ಫೋಟೋದಲ್ಲಿ ನಿನ್ನ ಕಾರಿನ ಬಾನೆಟ್ಟಿನೊಳಗೆ ಅಷ್ಟು ಬಗ್ಗಿ ನಿಂತಿದ್ದಾರೆಂದರೆ ಅವರ ಸೊಂಟ ಕಬ್ಬಿಣದ್ದೇ ಇರಬೇಕು. ಇಲ್ಲಿ ನಿನ್ನ ಅಮ್ಮ ಆರಾಮ. ನಾನೂ ಆರಾಮ ಎಂದು ಬರೆಯುವವನಿದ್ದೆ, ಆದರೆ ಆ ಫೋಟೋ ಬಂದಾಗಿನಿಂದ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಏನು, ಹೊಟ್ಟೆಕಿಚ್ಚೇ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ಬಿದ್ದ ಅರ್ಧಕ್ಕೆ ಸಿಟ್ಟು ಬರುತ್ತದೆ. ಅದಕ್ಕೇ ಈ ಪತ್ರ.

ನಲವತ್ತು ವರ್ಷ ಗ್ಯಾರೇಜು ನಡೆಸಿದವನು ನಾನು. ನಿನ್ನ ಮಾವನವರು ಗಡಿಯಾರ ರಿಪೇರಿ ಮಾಡಿದವರು. ನೀನು ಇಪ್ಪತ್ತೆಂಟು ವರ್ಷದ ಹಳೇ ಸ್ಪೋರ್ಟ್ಸ್ ಕಾರು ಕೊಂಡರೆ ಅದರ ಎಂಜಿನ್ನು ನೋಡುವವರು ಅವರು! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಫೋಟೋದಲ್ಲಿ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದ ಸ್ಕ್ರೂಗಳನ್ನು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಸಾಲಾಗಿ ಕೂರಿಸಿದ್ದಾರೆ. ಒಂದು ಕಣ್ಣಿಗೆ ಆ ಚಿಕ್ಕ ಭೂತಗನ್ನಡಿ ಬೇರೆ. ನೀನು ಟಾರ್ಚು ಹಿಡಿದುಕೊಂಡು ನಗುತ್ತಾ ನಿಂತಿದ್ದೀಯ. ನನ್ನ ಜೊತೆ ಟಾರ್ಚು ಹಿಡಿಯುವಾಗ ನೀನು ಯಾವತ್ತೂ ಹಾಗೆ ನಕ್ಕವಳಲ್ಲ. ನಾನು ಬೈಯುತ್ತಿದ್ದೆ ಎನ್ನುತ್ತಾಳೆ ನಿನ್ನ ಅಮ್ಮ. ಬೆಳಕು ಬೇಕಾದಲ್ಲಿ ಬೀಳದಿದ್ದರೆ ಬೈಯದೆ ಇನ್ನೇನು ಮಾಡುವುದು?

ನೀನು ಮೊದಲು ಕರೆದದ್ದು ನನ್ನನ್ನೇ, ಅದನ್ನು ಇಲ್ಲ ಎನ್ನುವುದಿಲ್ಲ. ಕಾರು ತಂದ ದಿನವೇ ಫೋನು ಮಾಡಿ "ಅಪ್ಪಾ, ಬಂದು ಒಂದ್ಸಲ ಎಲ್ಲಾ ನೋಡಿಬಿಡಿ" ಎಂದೆ. ನಾನು "ಗುಜರಿಗೆ ಹಾಕೋ ಕಾರು ನೋಡೋಕೆ ನಾನ್ಯಾಕೆ ಬರ್ಲಿ, ಬೇರೆ ಯಾರಿಗಾದ್ರೂ ತೋರಿಸು" ಎಂದು ಫೋನಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಅಪ್ಪ ಹೇಳಿದ್ದನ್ನೆಲ್ಲ ಹಾಗೆಯೇ ನಡೆಸಿಬಿಡುವ ವಿಧೇಯ ಮಗಳು ನೀನು ಯಾವಾಗ ಆದೆ? ಮದುವೆಗೆ ಮುಂಚೆ ಈ ಗುಣ ಇರಲಿಲ್ಲವಲ್ಲ.

ಇನ್ನು ಫೋಟೋ ಜೊತೆ ಬಂದ ನಿನ್ನ ಪತ್ರದ ವಿಷಯ. "ಬೆಲ್ಟು ಕಿರ್ ಅಂತಿತ್ತು, ಮಾವ ಒಂದೇ ಒಂದು ಹನಿ ಎಣ್ಣೆ ಬಿಟ್ರು, ತಕ್ಷಣ ಸುಮ್ಮನಾಯ್ತು" ಎಂದು ಹೆಮ್ಮೆಯಿಂದ ಬರೆದಿದ್ದೀಯ. ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಾರು ಸ್ಟಾರ್ಟ್ ಮಾಡಬೇಡ ಎಂದು ಆ ಕ್ಷಣವೇ ಅಮ್ಮನಿಂದ ಫೋನು ಮಾಡಿಸಿದ್ದು ಅದಕ್ಕೇ. ಗಡಿಯಾರದಲ್ಲಿ ಏನೇ ಸದ್ದಾದರೂ ಎಣ್ಣೆ ಮದ್ದು, ಏಕೆಂದರೆ ಅಲ್ಲಿ ಎಲ್ಲವೂ ಲೋಹ. ಬೆಲ್ಟು ರಬ್ಬರು ಕಣಮ್ಮಾ! ಎಣ್ಣೆ ಕುಡಿದರೆ ಉಬ್ಬುತ್ತದೆ, ಜಾರುತ್ತದೆ, ಒಂದು ದಿನ ನಡುರಸ್ತೆಯಲ್ಲಿ ಕೈಕೊಡುತ್ತದೆ. ಎಣ್ಣೆ ಬಿಡಲೇಬೇಕಿದ್ದರೆ ಕಣ್ಣಿಗೆ ಬಿಟ್ಟುಕೊಂಡು ನೋಡಬೇಕಿತ್ತು. ನಿಜ ಹೇಳುತ್ತೇನೆ, ಅವರ ತಪ್ಪು ಸಿಕ್ಕಿತಲ್ಲ ಎಂದು ಮೊದಲು ನನಗೆ ಖುಷಿಯಾಯಿತು. ಆಮೇಲೆ ಆ ಕಾರಿನಲ್ಲಿ ಕೂರುವವಳು ನೀನು ಎಂದು ಹೊಳೆದು ನಾಚಿಕೆಯಾಯಿತು.

ನಿನ್ನ ಮಾವನವರಿಗೆ ಇದನ್ನು ಓದಿ ಹೇಳು. ಗಡಿಯಾರವನ್ನು ನಿಂತ ಮೇಲೆ ಅಂಗಡಿಗೆ ತರುತ್ತಾರೆ, ಹಳೇ ಕಾರನ್ನು ನಿಲ್ಲುವ ಮುಂಚೆಯೇ ನೋಡಬೇಕು. ಇಲ್ಲದಿದ್ದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಣ್ಣೆ ತಾಗಿದ ಹೊರಗಿನ ಬೆಲ್ಟು ಬಿಸಾಕಲಿ. ಟೈರಿನ ಮೇಲಿನ ಗೀರು ಆಳವಾಗಿದೆ, ಹೊಸದರಂತಿದೆ ಎಂದು ಮೋಸಹೋಗಬೇಡಿ, ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಕೊನೆಯ ಎರಡು ಅದು ಹುಟ್ಟಿದ ವರ್ಷ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು. ನೀರಿನ, ಪೆಟ್ರೋಲಿನ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಲಿ, ಬಿರುಕು ಕಂಡರೆ ಮುಲಾಜು ಬೇಡ. ಎಲ್ಲಕ್ಕಿಂತ ದೊಡ್ಡದು ಮುಚ್ಚಳದ ಒಳಗಿನ ಟೈಮಿಂಗ್ ಬೆಲ್ಟು. ಮಾರಿದವನು ಯಾವಾಗ ಹಾಕಿಸಿದ್ದನೋ ಅವನಿಗೇ ಗೊತ್ತಿಲ್ಲ ಎಂದಿದ್ದೀಯ. "ಮಾವ ನೋಡಿದ್ರು, ಸವೆದಿಲ್ಲವಂತೆ" ಎಂದೂ ಬರೆದಿದ್ದೀಯ. ಅದು ಸವೆದು ಹೇಳಿ ಹೋಗುವುದಿಲ್ಲ, ಹೇಳದೆ ಹರಿಯುತ್ತದೆ. ಹರಿದರೆ ಒಳಗಿನ ವಾಲ್ವುಗಳೆಲ್ಲ ಬಡಿದು ಬಾಗಿ ಎಂಜಿನ್ನು ಮಣ್ಣುಪಾಲು. ಹೊಸದನ್ನು ಚಕ್ರಕ್ಕೆ ಕೂರಿಸುವಾಗ ಬೆಲ್ಟಿನ ಒಂದೇ ಒಂದು ಹಲ್ಲು ಆಚೀಚೆಯಾದರೂ ಗತಿ ಅಷ್ಟೇ.

ನಿನಗೂ ಅಳಿಯಂದಿರಿಗೂ ನನ್ನ ತುಂಬು ಆಶೀರ್ವಾದ, ರಸ್ತೆಯಲ್ಲಿ ಹೋಗುವಾಗ ಇನ್ನೂ ಸ್ವಲ್ಪ ಹೆಚ್ಚಿಗೆ. ಬೀಗರಿಗೆ ನಮಸ್ಕಾರ ತಿಳಿಸು, ತೀರಾ ಬಗ್ಗಿ ತಿಳಿಸುವುದು ಬೇಡ.

ನಿನ್ನ
ಅಪ್ಪ

ಇನ್ನೊಂದು ಮಾತು, ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಕ್ಷರ ಸೊಟ್ಟಗಿರುವುದು ನೋಡಿ ಬಸ್ಸಿನಲ್ಲಿ ಕೂತು ಬರೆದೆ ಅಂದುಕೊಳ್ಳಬೇಡ. ಮೇಜಿನ ಮುಂದೆ ಕೂತೇ ಬರೆದದ್ದು. ವರ್ಷದಿಂದ ಕೈ ನಡುಗುತ್ತಿದೆ. ಗ್ಯಾರೇಜು ಮುಚ್ಚಿದ್ದು ನಾನು ನಿಮಗೆಲ್ಲ ಹೇಳಿದ ಹಾಗೆ ಮಂಡಿನೋವಿಗಲ್ಲ, ಒಬ್ಬ ಗಿರಾಕಿಯ ಕಾರಿಗೆ ಟೈಮಿಂಗ್ ಬೆಲ್ಟು ಹಾಕುವಾಗ ಒಂದು ಹಲ್ಲು ತಪ್ಪಿಸಿ ಎಂಜಿನ್ನು ಹಾಳು ಮಾಡಿದೆ. ನಿನ್ನ ಅಮ್ಮನಿಗೆ ಹೇಳಿಲ್ಲ, ಆದರೆ ಇತ್ತೀಚೆಗೆ ನನ್ನ ಲೋಟಕ್ಕೆ ಅರ್ಧವೇ ಕಾಫಿ ಹಾಕುತ್ತಾಳೆ. ನೀನು ಕರೆದಾಗ ಗುಜರಿ ಕಾರು ಎಂದು ಬೈದದ್ದು, ನಿನ್ನೆದುರು ಸ್ಪ್ಯಾನರ್ ಬೀಳಿಸಲು ಮನಸ್ಸಾಗದೆ. ನಿನ್ನ ಮಾವನವರಿಗೆ ಕೆಲಸ ಗೊತ್ತಿಲ್ಲ, ಕೈ ಇದೆ. ನನಗೆ ಕೆಲಸ ಗೊತ್ತಿದೆ. ಬೆಲ್ಟನ್ನು ಅವರೇ ಹಾಕಲಿ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ, ಬೈಯುವುದಿಲ್ಲ. ಬರಲಾ?